ಕ್ವಿಲ್ಟಿಂಗ್ ಬೀ: ಮುಯ್ಯಾಳು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್ ಹೊತ್ತಿನ ಕಥೆಯಿರುವ ಒಂದು ಅಮೆರಿಕನ್ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಣ್ಣ ಊರಿನ ಹೆಂಗಸರು ಚರ್ಚಿನ ಕೋಣೆಯಲ್ಲಿ ಕೂತು ಕ್ವಿಲ್ಟ್ ಹೊಲಿದು, ಚಳಿಗೆ ಹೊದಿಕೆ ಇಲ್ಲದವರಿಗೆ ಕಳಿಸುತ್ತಾರೆ.

ಕ್ವಿಲ್ಟಿಗೆ ಕೌದಿ ಎಂದೇ ಬರೆದಿದ್ದೇನೆ. ಅವರು ಹೊಸ ಬಟ್ಟೆ ಕತ್ತರಿಸಿ ನಡುವೆ ಹತ್ತಿಯ ಪದರ ಇಡುತ್ತಾರೆ, ನಮ್ಮದು ಹಳೆ ಸೀರೆ, ಧೋತ್ರ. ಆದರೂ ತುಂಡು ಕೂಡಿಸಿ, ಪದರ ಹಿಡಿದು, ಸಾಲುಸಾಲಾಗಿ ಸೂಜಿ ಓಡಿಸುವ ಕೆಲಸ ಒಂದೇ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಹೆಂಗಸರ ಕೌದಿಯಾದ ಕವಂದಿಯನ್ನು ಅಮೆರಿಕದವರು ಕ್ವಿಲ್ಟ್ ಅಂತಲೇ ಕರೆದು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಅದರ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಿಗೆ ಬಟ್ಟೆ ಮಡಿಚಿ ‘ಫೂಲ’ ಕೂರಿಸುವ ತನಕ ಕವಂದಿ ಮುಗಿದ ಲೆಕ್ಕವಲ್ಲ. ಕ್ರೈಸ್ತ ಸಿದ್ದಿಯರ ಕವಂದಿಗಳಲ್ಲಿ ಶಿಲುಬೆಯೂ ಇರುತ್ತದೆ. ಇಷ್ಟು ಹತ್ತಿರದ ನಂಟಿರುವಾಗ ಬೇರೆ ಪದ ಯಾಕೆ ಹುಡುಕಲಿ? ಕ್ವಿಲ್ಟಿನ ಮೇಲ್ಪದರಕ್ಕೆ ಜೋಡಿಸುವ ಒಂದೊಂದು ತುಂಡಿಗೆ, ಅಂದರೆ ‘ಬ್ಲಾಕ್’ಗೆ, ಮಾತ್ರ ‘ತೇಪೆ’ ಬೇಡವೆನಿಸಿತು. ತೇಪೆ ಹಚ್ಚುವುದೆಂದರೆ ಹರಿದದ್ದನ್ನು ಹೇಗೋ ಮುಚ್ಚುವುದು ಎಂಬ ಅರ್ಥ ಗಟ್ಟಿಯಾಗಿ ಕೂತಿದೆ. ‘ಚೌಕ’ ಸಾಕು.

ನಾನು ನಿಂತಿರುವುದು ‘ಕ್ವಿಲ್ಟಿಂಗ್ ಬೀ’ ಹತ್ತಿರ, ಅಂದರೆ ನೆರೆಹೊರೆಯ ಹೆಂಗಸರು ಕೂಡಿ ಕ್ವಿಲ್ಟ್ ಹೊಲಿಯುವ ಕೂಟದ ಹೆಸರಿನ ಹತ್ತಿರ. ಈ ಬೀ ಜೇನುಹುಳವಲ್ಲದೆ ಇರಬಹುದು. ನೆರೆಹೊರೆಯವರು ಕೂಡಿ ಮಾಡಿಕೊಡುವ ಕೆಲಸಕ್ಕೆ ಇಂಗ್ಲಿಷಿನ ಒಳನುಡಿಯಲ್ಲಿ ‘ಬೀನ್’ ಎಂಬ ಪದವಿತ್ತು, ಅದರಿಂದ ಬಂದಿರಬಹುದು ಎನ್ನುತ್ತಾರೆ ನಿಘಂಟಿನವರು. ಅಮೆರಿಕದಲ್ಲಿ 1769ರಲ್ಲೇ ನೂಲುವ ಕೂಟಕ್ಕೆ ಬೀ ಎಂದ ಬಳಕೆ ಸಿಗುತ್ತದೆ. ಕೌದಿಗೆ ಅದು ಬೇಕಾದದ್ದೂ ಸಹಜ. ಮೇಲಿನ ಚೌಕಗಳನ್ನು ಒಬ್ಬಳೇ ಕೂತು ಜೋಡಿಸಬಹುದು. ಮೂರು ಪದರವನ್ನು ಮರದ ಚೌಕಟ್ಟಿಗೆ ಬಿಗಿದು ಉದ್ದಗಲಕ್ಕೂ ಹೊಲಿಗೆ ಹಾಕಲು ಸುತ್ತ ಏಳೆಂಟು ಕೈ ಬೇಕು. ಕರೆದವಳು ಊಟ ಹಾಕಬೇಕು, ನಾಳೆ ಅವರ ಮನೆ ಕೌದಿಗೆ ತಾನೂ ಹೋಗಬೇಕು.

ಇದು ಥೇಟ್ ನಮ್ಮ ಮುಯ್ಯಾಳು! ನಮ್ಮ ಓಣಿಯಲ್ಲಿ ಬೇಸಿಗೆ ಬಂದರೆ ಶ್ಯಾವಿಗೆಗೆ ಹೀಗೇ ಕೂಡುತ್ತಿದ್ದರು: ‘ಇವತ್ತ ನಮ್ಮನ್ಯಾಗ, ನಾಳೆ ನಿಮ್ಮನ್ಯಾಗ.’ ಹಿಟ್ಟು ನಾದುವವರು, ಹೊಸೆಯುವವರು, ಹಗ್ಗದ ಮೇಲೆ ಹರವುವವರು ಬೇರೆ ಬೇರೆ. ಅಜ್ಜಿ ಮಾತ್ರ ಯಾರ ಮನೆಗೆ ಎಷ್ಟು ದಿನ ಹೋಗಿ ಬಂದೆವೆಂದು ನೆನಪಿಟ್ಟಿರುತ್ತಿದ್ದಳು.

ಆ ನೆನಪೇ ಇಲ್ಲಿ ತೊಡಕು. ಮುಯ್ಯಿಯಲ್ಲಿ ತಿರುಗಿ ಕೊಡುವ ಲೆಕ್ಕ ಇದ್ದೇ ಇದೆ, ‘ಮುಯ್ಯಿಗೆ ಮುಯ್ಯಿ’ ಎಂದರೆ ಸೇಡೂ ಆಗುತ್ತದೆ. ಕಾದಂಬರಿಯ ಹೆಂಗಸರು ಹೊಲಿಯುವುದು ಎಂದೂ ನೋಡದವರಿಗಾಗಿ. ಕಳಿಸುವ ಮುಂಚೆ ಕೌದಿಗಳನ್ನು ಚರ್ಚಿನ ಬೆಂಚುಗಳ ಬೆನ್ನಿಗೆ ಹಾಸಿ ಪ್ರಾರ್ಥನೆ ಮಾಡುತ್ತಾರೆ. ಲೂಥರನ್ ಚರ್ಚುಗಳಲ್ಲಿ ಈ ರೂಢಿ ನಿಜಕ್ಕೂ ಇದೆ. ಅಲ್ಲಿ ‘ಮುಯ್ಯಾಳು’ ಎಂದರೆ ತಪ್ಪಾಗುತ್ತದೆ.

‘ದಾನ’ವೂ ನನಗೆ ಒಗ್ಗಲಿಲ್ಲ. ಆ ಪದದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನದು ಕೆಳಗೆ. ಅಮೆರಿಕದಲ್ಲಿ 2003ರಿಂದ ಕ್ವಿಲ್ಟ್ಸ್ ಆಫ್ ವ್ಯಾಲರ್ ಎಂಬ ಸಂಸ್ಥೆ ಸೈನಿಕರಿಗೆ ಕ್ವಿಲ್ಟ್ ಕೊಡುತ್ತಿದೆ. ಅವರು ಅದನ್ನು ಕೈಗಿಟ್ಟು ಸುಮ್ಮನಾಗದೆ ಹೆಗಲ ಸುತ್ತ ಹೊದಿಸುತ್ತಾರೆ. ಇದನ್ನು ಓದಿದಾಗ ನಮ್ಮ ‘ಹೊದಿಸು’ ನೆನಪಾಯಿತು. ಶಾಲು ಹೊದಿಸುವುದು ಮರ್ಯಾದೆ, ಮಗುವಿಗೆ ಕೌದಿ ಹೊದಿಸುವುದು ಅಕ್ಕರೆ. ಎರಡೂ ಒಂದೇ ಕ್ರಿಯಾಪದದಲ್ಲಿವೆ. ಹಾಗಾಗಿ ‘ಕೌದಿ ದಾನ ಮಾಡಿದರು’ ಎಂದಿದ್ದಲ್ಲೆಲ್ಲ ‘ಕೌದಿ ಹೊದಿಸಿದರು’ ಎಂದು ತಿದ್ದಿದ್ದೇನೆ.

ಕೂಟಕ್ಕೆ ಸದ್ಯಕ್ಕೆ ‘ಕೈಹಚ್ಚುವಿಕೆ’ ಎಂದಿದೆ. ‘ಕೌದಿಗೆ ಒಂದೀಟು ಕೈ ಹಚ್ಚು ಬಾರವ್ವ’ ಎಂದು ಕರೆದರೆ ಬಾಯಿಗೆ ಸಲೀಸು, ನಾಮಪದ ಮಾಡಿದೊಡನೆ ಒರಟಾಗುತ್ತದೆ. ‘ಕೌದಿಕೂಟ’ ಎಂದರೆ ಔತಣಕೂಟದ ವಾಸನೆ. ನಿಮ್ಮ ಕಡೆ ಹೆಂಗಸರು ಕೂಡಿ ಕೌದಿ, ಹಪ್ಪಳ, ಶ್ಯಾವಿಗೆಗೆ ಕೂರುವುದಕ್ಕೆ, ತಿರುಗಿ ಕೊಡುವ ಲೆಕ್ಕವಿಲ್ಲದ ಹೆಸರು ಇದೆಯೇ? ಮಲೆನಾಡು, ಕರಾವಳಿ, ಬೀದರ್ ಕಡೆಯವರು ದಯವಿಟ್ಟು ತಿಳಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಕೇಳಿ, ಅವರು ಹೇಳಿದ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿದರೆ ಇನ್ನೂ ಉಪಕಾರ.