ಓದುಗರ ಸ್ಪಂದನ: ಅತ್ತೆಗೆ ಗದ್ದಲ, ಮಗನಿಗೆ ಭಕ್ತಿ

ಕಳೆದ ಸಲದ ಸಮಸ್ಯೆ: ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದರು. ನಮ್ಮ ಚರ್ಚಿನ ಪೂಜೆಗೆ ಈಗ ಡ್ರಮ್ಸ್, ಗಿಟಾರ್, ದೊಡ್ಡ ಸ್ಪೀಕರ್ ಬಂದಿವೆ. "ಇದು ಪೂಜೆ ಅಲ್ಲ, ಆರ್ಕೆಸ್ಟ್ರಾ" ಎಂದು ಅತ್ತೆ ಭಾನುವಾರ ಮನೆಯಲ್ಲೇ ಜಪಸರ ಹಿಡಿದು ಕೂರುತ್ತಾರೆ. ಎಬ್ಬಿಸಿದರೂ ಏಳದಿದ್ದ ಮಗ ಈಗ ಡ್ರಮ್ಸ್ ಬಾರಿಸೋಕೆ ತಾನೇ ಎದ್ದು ಹೊರಡುತ್ತಾನೆ. ಇಬ್ಬರ ನಡುವೆ ನಾನೇನು ಮಾಡಲಿ?

ಸಾಗರದಿಂದ ಒಬ್ಬ ಓದುಗಿ

ಅಕ್ಕಾ, ಅತ್ತೆಯ ಮಾತನ್ನು ಹಳೇ ಕಾಲದವರು ಅಂತ ತಳ್ಳಿಹಾಕಬೇಡಿ. ಮಗನ ಡ್ರಮ್ಸನ್ನು ಪಾಪ ಅಂತಲೂ ಅನ್ನಬೇಡಿ. ನಾನು ಗಾಯನ ಮಂಡಳಿಯಲ್ಲಿ ಬಹಳ ವರ್ಷದಿಂದ ಹಾಡುತ್ತಿದ್ದೇನೆ. ನನಗೆ ಮುಖ್ಯ ಅನ್ನಿಸೋದು ಒಂದೇ ಪ್ರಶ್ನೆ: ಬೆಂಚಿನಲ್ಲಿರುವ ಜನ ಹಾಡುತ್ತಿದ್ದಾರಾ, ನೋಡುತ್ತಿದ್ದಾರಾ?

ಮುಂದಿನ ಭಾನುವಾರ ಹಿಂದಿನ ಬೆಂಚಿನಲ್ಲಿ ನಿಂತುಕೊಳ್ಳಿ. ಕಾಣಿಕೆ ಹಾಡು ಶುರುವಾದಾಗ ಪಕ್ಕದವರ ದನಿ ನಿಮ್ಮ ಕಿವಿಗೆ ಬೀಳುತ್ತಾ? ಬೀಳದಿದ್ದರೆ ಸ್ಪೀಕರ್ ಜಾಸ್ತಿಯಾಗಿದೆ, ಅಷ್ಟೇ. ನಮ್ಮ ಕಡೆ ಮಳೆಗಾಲದಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಮೈಕ್ ಬೇಕೇ ಬೇಕು, ಅದು ಬೇರೆ ಮಾತು, ಆದರೆ ಮಳೆ ನಿಂತ ಮೇಲೂ ಅದೇ ವಾಲ್ಯೂಮಿನಲ್ಲಿ ಬಿಟ್ಟಿರುತ್ತಾರೆ, ಯಾರೂ ಎದ್ದು ಹೋಗಿ ಕಡಿಮೆ ಮಾಡೋದಿಲ್ಲ. ಇನ್ನೊಂದು ಶ್ರುತಿಯ ವಿಷಯ. ಮುಂದೆ ನಿಂತು ಹಾಡುವ ಹುಡುಗಿಗೆ ಒಪ್ಪುವಂತೆ ಕೀಬೋರ್ಡ್ ಇಟ್ಟರೆ ಚರಣದ ಎತ್ತರಕ್ಕೆ ಬಂದಾಗ ಗಂಡಸರು ಸುಮ್ಮನಾಗುತ್ತಾರೆ, ವಯಸ್ಸಾದ ಹೆಂಗಸರ ಗಂಟಲು ಏಳೋದೇ ಇಲ್ಲ. ಶ್ರುತಿಯನ್ನು ಎರಡು ಮನೆ ಇಳಿಸಿ ನುಡಿಸಲಿ, ನಿಮ್ಮ ಅತ್ತೆಯೂ ಹಾಡುತ್ತಾರೆ.

ಈ ಜಗಳ ನಮ್ಮ ಊರಿನದ್ದಷ್ಟೇ ಅಲ್ಲ. ಹಾಡಿನ ಅರ್ಥಕ್ಕಿಂತ ರಾಗವೇ ತನ್ನನ್ನು ಹೆಚ್ಚು ಸೆಳೆಯುತ್ತದಲ್ಲಾ ಅಂತ ಸಂತ ಅಗಸ್ಟೀನರು ಸಾವಿರದ ಆರುನೂರು ವರ್ಷದ ಹಿಂದೆಯೇ ಸಂಕಟಪಟ್ಟಿದ್ದರು. ಆದರೂ ಹಾಡು ಬೇಡ ಅನ್ನಲಿಲ್ಲ. ಪೂಜೆಯಲ್ಲಿ ಚೆಲ್ಲುಚೆಲ್ಲಾದ ಸಂಗೀತ ಬೇಡ ಅಂತ 1562ರಲ್ಲಿ ಕಥೋಲಿಕ ಧರ್ಮಸಭೆಯ ಬಿಷಪ್ಪರು ಸೇರಿದ್ದ ಟ್ರೆಂಟ್ ಮಹಾಸಭೆ ಹೇಳಿತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್‌ಗೆ ದೊಡ್ಡ ಮರ್ಯಾದೆ ಕೊಟ್ಟಿತು. ಬೇರೆ ವಾದ್ಯಗಳೂ ಬರಬಹುದು, ಆದರೆ ಅವು ದೇವಾಲಯದ ಘನತೆಗೆ ಒಪ್ಪಬೇಕು, ಜನರ ಭಕ್ತಿ ಬೆಳೆಸಬೇಕು ಅಂತಲೂ ಹೇಳಿತು. ಜನ ಪೂಜೆಯಲ್ಲಿ ಪಾಲ್ಗೊಳ್ಳಬೇಕು ಅಂದ ಅದೇ ದಾಖಲೆ, ತಕ್ಕ ಹೊತ್ತಿನಲ್ಲಿ ಮೌನವೂ ಇರಬೇಕು ಅನ್ನುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಈ ಮೌನವನ್ನೇ ಮರೆತುಬಿಟ್ಟಿದ್ದೇವೆ. ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ತಗೊಂಡು ಬಂದು ಮೊಣಕಾಲೂರುವಷ್ಟರಲ್ಲಿ ಇನ್ನೊಂದು ಹಾಡು! ದೇವರ ಹತ್ತಿರ ಒಂದು ಮಾತಾಡೋಕೆ ಬಿಡುವೇ ಇಲ್ಲದ ಹಾಗೆ. ನಿಮ್ಮ ಅತ್ತೆಗೆ ಬೇಕಾಗಿರೋದು ಬಹುಶಃ ಈ ಬಿಡುವು.

ಮಗನಿಗೆ ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ ನಿಯಮ ಹೇಳಿಕೊಡಿ. ಆಗ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ನುಡಿಯಬೇಕು. ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮಹಿಮೆಯ ಗೀತೆ ಮುಗಿದ ಮೇಲೆ ಪಾಸ್ಖ ಜಾಗರಣೆಯವರೆಗೆ (ಈಸ್ಟರ್ ಹಿಂದಿನ ರಾತ್ರಿಯ ಪೂಜೆ) ಘಂಟೆ ಕೂಡ ಬಾರಿಸೋದಿಲ್ಲ. ಜಾಗರಣೆಯ ರಾತ್ರಿ ಘಂಟೆ ಮತ್ತೆ ಮೊಳಗುವಾಗ ಮೈ ಜುಮ್ಮೆನ್ನೋದು ಈ ಕಾಯುವಿಕೆಯಿಂದಲೇ. ಯಾವಾಗ ಕೋಲು ಕೆಳಗಿಡಬೇಕು ಅಂತ ತಿಳಿದ ಡ್ರಮ್ಸ್ ಹುಡುಗ ಯಾವ ಚರ್ಚಿಗಾದರೂ ಬೇಕಾದವನು. ಮಾತೆ ಮರಿಯಳ ಹುಟ್ಟುಹಬ್ಬವಾದ ಮೊಂತಿ ಹಬ್ಬದ ಮೆರವಣಿಗೆಯಲ್ಲಿ ಮಕ್ಕಳು ಹೂ ಹಿಡಿದು ಹೊರಟಾಗ ಮನಸಾರೆ ಬಾರಿಸಲಿ, ಯಾರು ಬೇಡ ಅಂತಾರೆ?

ಭದ್ರಾವತಿಯಿಂದ ಒಬ್ಬ ಓದುಗ

ಆಂಟಿ, ನಮ್ಮದು ಪ್ರೊಟೆಸ್ಟೆಂಟ್ ಸಭೆ. ನಾನೂ ಕೀಬೋರ್ಡ್ ನುಡಿಸುವವನೇ. ನಮ್ಮಂಥವರನ್ನು ನೋಡಿ "ಶೋ ಮಾಡೋಕೆ ಬರ್ತಾರೆ" ಅಂದಾಗ ನಿಜವಾಗಿ ನೋವಾಗುತ್ತದೆ. ತಾಳ, ದಮ್ಮಡಿ, ಕುಣಿತ ಎಲ್ಲವೂ ಬೈಬಲ್ಲಿನ 150ನೇ ಕೀರ್ತನೆಯಲ್ಲೇ ಇವೆ. ಅರಸ ದಾವೀದ ದೇವರ ಆಜ್ಞೆಗಳಿದ್ದ ಪವಿತ್ರ ಪೆಟ್ಟಿಗೆ, ಅಂದರೆ ಒಡಂಬಡಿಕೆಯ ಮಂಜೂಷದ ಮುಂದೆ ಕುಣಿದ, ಅದನ್ನು ನೋಡಿ ಹೀಯಾಳಿಸಿದವಳು ಅವನ ಹೆಂಡತಿ ಮೀಕಲ.

ಆದರೆ ಒಂದು ಮಾತು ಹೇಳಲೇಬೇಕು. ದಾವೀದ ಕುಣಿದ ಎರಡನೇ ಸಮುವೇಲ 6ನೇ ಅಧ್ಯಾಯದಲ್ಲೇ ಉಜ್ಜನ ಸಾವೂ ಇದೆ. ಮಂಜೂಷವನ್ನು ಹೊಸ ಗಾಡಿಯ ಮೇಲೆ ಹೇರಿ, ವಾದ್ಯ ಬಾರಿಸುತ್ತಾ ಸಡಗರದಿಂದ ಹೊರಟಿದ್ದರು. ಎತ್ತು ಮುಗ್ಗರಿಸಿತು, ಯಾರೂ ಮುಟ್ಟಬಾರದ ಮಂಜೂಷವನ್ನು ಉಜ್ಜ ಕೈಚಾಚಿ ಮುಟ್ಟಿದ, ಅಲ್ಲೇ ಸತ್ತ. ಎರಡನೇ ಸಲ ಹೆಗಲ ಮೇಲೆ ಹೊತ್ತು, ಆರು ಹೆಜ್ಜೆ ನಡೆದು, ಬಲಿ ಕೊಟ್ಟು ಮುಂದುವರಿದರು. ದಾವೀದ ಮೈಮರೆತು ಕುಣಿದದ್ದು ಈ ಸಲ. ನಾವು ಹುಡುಗರು ಕುಣಿತವನ್ನಷ್ಟೇ ನೆನಪಿಟ್ಟುಕೊಳ್ಳುತ್ತೇವೆ, ದೊಡ್ಡವರು ಉಜ್ಜನನ್ನಷ್ಟೇ.

ನಿಮ್ಮ ಮಗನ ಬ್ಯಾಂಡಿಗೆ ಎರಡು ವಿಷಯ ಹೇಳಿ. ಬಲಿಪೀಠದ ಮುಂದೆ ನಡುಮಧ್ಯೆ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಎಲ್ಲರೂ ಮುಂದೆ ನೋಡುವಾಗ ಕಣ್ಣು ನಿಮ್ಮ ಗಿಟಾರ್ ಮೇಲೆ ಬೀಳಬಾರದು. ಹಾಡಿನ ಜೊತೆ ತಟ್ಟುವ ಚಪ್ಪಾಳೆ ಬೇರೆ, ಹಾಡು ಮುಗಿದ ಮೇಲೆ ಹಾಡಿದವರಿಗೆ ಬೀಳುವ ಚಪ್ಪಾಳೆ ಬೇರೆ. ಎರಡನೆಯದು ನಿಲ್ಲಲಿ. ಅದು ಒಮ್ಮೆ ಕಿವಿಗೆ ಬಿದ್ದರೆ ಮುಂದಿನ ವಾರದ ಹಾಡನ್ನು ಅದಕ್ಕಾಗಿಯೇ ಆರಿಸುತ್ತೇವೆ.

ಅಜ್ಜಿಗೆ ಇಷ್ಟವಾದ ಹಳೆಯ ಹಾಡೊಂದನ್ನು ಅವರ ಬಾಯಲ್ಲೇ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಲು ಹೇಳಿ. ಹುಡುಗರು ಅದನ್ನು ಬರೀ ಕೀಬೋರ್ಡ್ ಇಟ್ಟು ಕಲಿಯಲಿ.

ಶಿವಮೊಗ್ಗದಿಂದ ಒಬ್ಬ ಓದುಗ

ಮನೆಯಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ ಮೇಡಂ. ಚರ್ಚಿನ ಪಾಲನಾ ಸಮಿತಿಯಲ್ಲಿ ಈ ವಿಷಯ ಎತ್ತಿ, ಫಾದರ್ ಹತ್ತಿರ ನೇರವಾಗಿ ಮಾತಾಡಿ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರ ಪರವಾಗಿ ನೀವು ಮಾತಾಡಬೇಡಿ.

ಎನ್.ಆರ್. ಪುರದ ಕಡೆಯಿಂದ ಒಬ್ಬ ಓದುಗಿ

ಮೇಲಿನವರಷ್ಟು ಮೆತ್ತಗೆ ನಾನು ಹೇಳಲಾರೆ. ಮಕ್ಕಳು ಬರಲಿ ಅಂತ ಪೂಜೆಯನ್ನೇ ಬದಲಾಯಿಸಿದರೆ, ಅವರು ಬರೋದು ಬದಲಾವಣೆಗಾಗಿ. ಅದು ಹಳತಾದ ದಿನ ಏನು ಮಾಡುತ್ತೀರಿ? ನಮ್ಮದು ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆಸಿದ ಸಿರಿಯನ್ ಆರ್ಥೊಡಾಕ್ಸ್ ಮನೆತನ. ನಮ್ಮ ಕುರ್ಬಾನ, ಅಂದರೆ ಪೂಜೆ, ಹೆಚ್ಚೂಕಮ್ಮಿ ಪೂರ್ತಿ ಹಾಡೇ. ಅಚ್ಚನ್ (ನಮ್ಮ ಪಾದ್ರಿ) ಒಂದು ಸಾಲು ಹೇಳಿದರೆ ಜನ ಒಂದು ಸಾಲು, ಬಹಳ ಹೊತ್ತು ನಿಂತೇ ಇರಬೇಕು. ಮದ್‌ಬಹಾದ, ಅಂದರೆ ಬಲಿಪೀಠವಿರುವ ಜಾಗದ ಪರದೆ ಸರಿಯುವಾಗ ನನ್ನ ಮಕ್ಕಳು ಚಿಕ್ಕವರಿದ್ದಾಗಲೂ ತಾವಾಗಿ ಮಾತು ನಿಲ್ಲಿಸುತ್ತಿದ್ದರು. ಯಾರೂ ಅವರನ್ನು ರಂಜಿಸಿರಲಿಲ್ಲ. ಆದರೆ ಅವರಿಗೆ ಅಲ್ಲಿ ಕೆಲಸ ಇತ್ತು: ಉತ್ತರ ಹೇಳಬೇಕಿತ್ತು, ಶಿಲುಬೆ ಗುರುತು ಹಾಕಬೇಕಿತ್ತು, ದೀಪ ಹಿಡಿದು ನಿಲ್ಲಬೇಕಿತ್ತು.

ನಿಮ್ಮ ಮಗನಿಗೆ ಡ್ರಮ್ಸ್ ಒಂದೇ ಯಾಕೆ? ಬಲಿಪೀಠದಲ್ಲಿ ಫಾದರ್‌ಗೆ ನೆರವಾಗುವ ಪೀಠಸೇವಕನಾಗಲಿ, ಬೈಬಲ್ ವಾಚನ ಓದಲಿ. ಅತ್ತೆ ಮಾತ್ರ ಚರ್ಚಿಗೆ ಹೋಗೋದು ಬಿಡಬಾರದು. ಬ್ಯಾಂಡ್ ಇಲ್ಲದ ಬೆಳಗಿನ ಪೂಜೆ ಇದೆಯಾ ಅಂತ ವಿಚಾರಿಸಿ. ಇದ್ದರೆ ಅದಕ್ಕೆ ಅವರನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ಮೊಮ್ಮಗನದ್ದೇ ಇರಲಿ.