ಅಪ್‌ಡೇಟ್: ಬೊನೇರ್‌ನಲ್ಲಿ ಡೈವ್‌ಗೆ ಇಳಿದಾಗ ಪಿಕಪ್‌ಗೆ ಬೀಗ ಹಾಕಬೇಕೇ?

ಕೆರಿಬಿಯನ್ ದ್ವೀಪ ಬೊನೇರ್‌ನಲ್ಲಿ ದಡದಿಂದಲೇ ಸ್ಕೂಬಾ ಡೈವ್ ಮಾಡುವಾಗ ಬಾಡಿಗೆ ಪಿಕಪ್‌ಗೆ ಬೀಗ ಹಾಕಬೇಕೇ ಅಂತ ಕೇಳಿದ್ದೆ. ಬೇಡ ಅಂದವರದ್ದೇ ಸರಿ.

ಅಲ್ಲಿ ಡೈವ್ ತಾಣಗಳಿಗೆ ರಸ್ತೆ ಬದಿಯ ಹಳದಿ ಕಲ್ಲುಗಳೇ ಗುರುತು. ಅದರ ಪಕ್ಕ ಖಾಲಿ ಪಿಕಪ್ ನಿಂತಿದೆ ಅಂದರೆ ಬಂದವರು ಮುಕ್ಕಾಲು ಗಂಟೆ ನೀರೊಳಗೇ ಅಂತ ಕಳ್ಳನಿಗೂ ಗೊತ್ತು. ಬೀಗ ಕಂಡರೆ ಗಾಜು ಒಡೀತಾನೆ. ಹೋದ ಸಾಮಾನಿಗಿಂತ ಗಾಜಿನ ಖರ್ಚೇ ಜಾಸ್ತಿ ಆಗಬಹುದು. ಅದಕ್ಕೇ ಕಿಟಕಿ ಇಳಿಸಿ, ಗ್ಲೋವ್ ಬಾಕ್ಸ್ ತೆರೆದಿಟ್ಟು, ಒಳಗೇನೂ ಇಲ್ಲ ಅಂತ ಕಾಣೋ ಹಾಗೆ ಬಿಡೋದು. ಬಾಡಿಗೆ ಕರಾರು ಮಾತ್ರ ಮೊದಲೇ ಓದಿಕೊಳ್ಳಿ.

ಗಾಡಿ ಕೀ ಬರೀ ಲೋಹದ್ದಾದರೆ ಬಿಸಿಡಿ (ಡೈವರ್ ತೊಡೋ ಗಾಳಿ ತುಂಬುವ ಜಾಕೆಟ್) ಜೇಬಿನೊಳಗೆ ಕ್ಲಿಪ್ ಮಾಡಿದರೆ ಸಾಕು. ರಿಮೋಟ್ ಇದ್ದರೆ ಉಪ್ಪುನೀರು ತಾಗಿದೊಡನೆ ಅದರ ಕಥೆ ಮುಗೀತು. 30 ಮೀಟರ್ ಆಳದಲ್ಲಿ ಒತ್ತಡ 4 ಬಾರ್, ಅಂದರೆ ನೀರಿನ ಮೇಲಿರೋದರ ಸುಮಾರು ನಾಲ್ಕು ಪಟ್ಟು. ಜಿಪ್ ಪೌಚ್ ತಡೆಯಲ್ಲ, ಆ ಆಳಕ್ಕೇ ಮಾಡಿದ ಓ-ರಿಂಗ್ (ನೀರು ತಡೆಯೋ ರಬ್ಬರ್ ಬಳೆ) ಇರೋ ಡಬ್ಬಿ ಬೇಕು. ರಿಂಗ್ ಮೇಲೆ ಒಂದು ಕೂದಲೆಳೆ ಕೂತರೂ ನೀರು ಒಳಗೆ, ಮುಚ್ಚೋ ಮುಂಚೆ ಬೆರಳಾಡಿಸಿ ನೋಡಿ.

ಪಾಸ್‌ಪೋರ್ಟ್, ಫೋನ್ ರೂಮಿನ ಲಾಕರ್‌ನಲ್ಲಿರಲಿ. ಗಾಡಿಯಲ್ಲಿ ಹಳೇ ಟವೆಲ್, ನೀರಿನ ಬಾಟಲಿ ಅಷ್ಟೇ. (ಹೊಸ ಚಪ್ಪಲಿಯನ್ನೂ ನಂಬಬೇಡಿ!) ಕಳವಾದರೆ ಪೊಲೀಸರಿಗೆ 911. ವಿಮೆಗೆ ಪೊಲೀಸ್ ವರದಿ ಕೇಳ್ತಾರೆ, ದ್ವೀಪ ಬಿಡೋ ಮುಂಚೆಯೇ ತಗೊಳ್ಳಿ. ರೆಗ್ಯುಲೇಟರ್ (ನೀರೊಳಗೆ ಉಸಿರಾಡೋ ಸಾಧನ), ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸೋ ಸಾಧನ) ಇವುಗಳ ಸೀರಿಯಲ್ ನಂಬರ್ ಫೋಟೋ ಊರಲ್ಲೇ ತೆಗೆದಿಟ್ಟಿರಿ.