ಎಫ್‌ಎಸ್‌ಎಲ್ ಕೆಲಸಕ್ಕೆ ಸೇರೋದು ಹೇಗೆ? ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ, ಅಂದರೆ ಎಫ್‌ಎಸ್‌ಎಲ್‌ನಲ್ಲಿ ಕೆಲಸ ಸಿಗೋದು ಹೇಗೆ ಅಂತ ಗ್ರೂಪಿನಲ್ಲಿ ದಿನಾ ಯಾರಾದರೂ ಕೇಳುತ್ತಾರೆ. ವಿಷಶಾಸ್ತ್ರ ವಿಭಾಗದಲ್ಲಿ ಬಹಳ ವರ್ಷ ಇದ್ದು ನಿವೃತ್ತರಾದ ಮೇಡಂ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಮೆಸೇಜ್ ಹಾಕಬೇಡಿ, ದಯವಿಟ್ಟು.

ದಾವಣಗೆರೆ ವಿದ್ಯಾರ್ಥಿನಿ: ಮೇಡಂ, ಬಿಎಸ್ಸಿ ಎರಡನೇ ವರ್ಷ, ಕೆಮಿಸ್ಟ್ರಿ ಇದೆ. ಮುಂದೆ ಫೊರೆನ್ಸಿಕ್ ಸೈನ್ಸ್‌ನಲ್ಲೇ ಎಂಎಸ್ಸಿ ಮಾಡಬೇಕಾ, ಇಲ್ಲ ಕೆಮಿಸ್ಟ್ರಿಯಲ್ಲೇ ಮಾಡಲಾ?

ಮೇಡಂ: ಎರಡೂ ದಾರಿ ಇದೆಯಮ್ಮ. ಆದರೆ ಒಂದು ಮಾತು ತಿಳಿದಿರಲಿ. ಎಫ್‌ಎಸ್‌ಎಲ್ ಅಂದರೆ ಒಂದೇ ಲ್ಯಾಬ್ ಅಲ್ಲ. ವಿಷಶಾಸ್ತ್ರ, ರಸಾಯನ, ಜೀವಶಾಸ್ತ್ರ, ಡಿಎನ್‌ಎ, ಭೌತ, ಬಂದೂಕು ಗುಂಡು ನೋಡುವ ಬ್ಯಾಲಿಸ್ಟಿಕ್ಸ್, ದಸ್ತಾವೇಜು, ಮೊಬೈಲ್ ಮತ್ತು ಕಂಪ್ಯೂಟರ್, ಹೀಗೆ ಬೇರೆ ಬೇರೆ ವಿಭಾಗ. ಹುದ್ದೆ ಕರೆಯುವಾಗ ಆಯಾ ವಿಭಾಗಕ್ಕೆ ಬೇಕಾದ ವಿಷಯ ಕೇಳುತ್ತಾರೆ. ಕೆಮಿಸ್ಟ್ರಿ ಗಟ್ಟಿಯಾಗಿ ಓದಿದವರಿಗೆ ಇಲ್ಲಿ ಕೆಲಸ ಸಿಗದಿದ್ದರೂ ಔಷಧ ಕಂಪನಿ, ಆಹಾರ ಪರೀಕ್ಷೆ, ಮಾಲಿನ್ಯ ಮಂಡಳಿ, ಎಲ್ಲಾ ಕಡೆ ಬಾಗಿಲು ತೆರೆದಿರುತ್ತದೆ. ಫೊರೆನ್ಸಿಕ್ ಎಂಎಸ್ಸಿ ಮಾಡುವುದಾದರೆ ಲ್ಯಾಬ್ ಕೈಕೆಲಸ ಎಷ್ಟು ಕಲಿಸುತ್ತಾರೆ ಅಂತ ಕಣ್ಣಾರೆ ನೋಡಿ ಸೇರಿ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ, ಅದರ ಮುಖ್ಯ ಕೇಂದ್ರ ಗಾಂಧಿನಗರದಲ್ಲಿ. ಹೋಗಿ ಒಂದು ದಿನ ನೋಡಿಕೊಂಡು ಬನ್ನಿ. ಬ್ರೋಷರ್ ನೋಡಿ ಫೀಸು ಕಟ್ಟಬೇಡಿ.

ಹಾಸನ ಸದಸ್ಯ: ಮೇಡಂ ವಯೋಮಿತಿ ಎಷ್ಟು? ಸಂಬಳ ಎಷ್ಟು?

ಮೇಡಂ: ನೇಮಕಾತಿ ಪ್ರಕಟಣೆಯಲ್ಲಿ ಇರುತ್ತದೆ. ಪ್ರತಿ ಸಲ ಬದಲಾಗಬಹುದು. ಅದನ್ನೇ ಓದಿ.

ಬೆಂಗಳೂರು, ಔಷಧ ಕಂಪನಿ ಕ್ಯೂಸಿ (ಗುಣಮಟ್ಟ ಪರೀಕ್ಷೆ): ನಾಲ್ಕು ವರ್ಷದಿಂದ ಎಚ್‌ಪಿಎಲ್‌ಸಿ, ಜಿಸಿ, ಅಂದರೆ ಮಿಶ್ರಣದ ರಾಸಾಯನಿಕ ಬೇರ್ಪಡಿಸಿ ಗುರುತಿಸುವ ಮಷೀನುಗಳ ಮೇಲೆ ಕೆಲಸ ಮಾಡ್ತಿದ್ದೀನಿ ಮೇಡಂ. ಫೊರೆನ್ಸಿಕ್ ಡಿಗ್ರಿ ಇಲ್ಲ. ನನ್ನಂಥವರನ್ನು ತಗೊಳ್ತಾರಾ?

ಮೇಡಂ: ಪ್ರಕಟಣೆಯ ಅರ್ಹತೆಗೆ ನಿಮ್ಮ ಡಿಗ್ರಿ ಹೊಂದಿದರೆ ಖಂಡಿತ ಅರ್ಜಿ ಹಾಕಿ. ಮಷೀನು ಕೆಟ್ಟಾಗ ಕೈಕಟ್ಟಿ ಕೂರದವರು ನಮಗೆ ಬೇಕು. ಆದರೆ ಒಂದು ವ್ಯತ್ಯಾಸ ಇದೆ. ನಿಮ್ಮ ಕಂಪನಿಯಲ್ಲಿ ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರುತ್ತದೆ. ನಮಗೆ ಬರೋದು ಉಪ್ಪು ನೀರಿನಲ್ಲಿ ಹಾಕಿದ ಹೊಟ್ಟೆ, ಯಕೃತ್ತು, ಮೂತ್ರಪಿಂಡದ ತುಂಡು, ಜೊತೆಗೆ ‘ವಿಷ ಸೇವನೆ ಶಂಕೆ’ ಅಂತ ಒಂದು ಸಾಲು. ಕೀಟನಾಶಕವೋ, ನಿದ್ದೆ ಮಾತ್ರೆಯೋ, ಮದ್ಯವೋ, ಏನೂ ಇಲ್ಲವೋ, ಒಂದೊಂದಾಗಿ ಬಿಡಿಸಬೇಕು. ಜಾಡಿಗೆ ಹಾಕಿದ ಉಪ್ಪು ನೀರನ್ನೇ ಬೇರೆ ಬಾಟಲಿಯಲ್ಲಿ ಕಳಿಸಿದ್ದಾರಾ ಅಂತಲೂ ನೋಡಬೇಕು. ಅದಿಲ್ಲದಿದ್ದರೆ ‘ವಿಷ ನೀರಿನಲ್ಲೇ ಇತ್ತು’ ಅಂತ ವಕೀಲರು ಹೇಳಿದಾಗ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು, ಅದು ಮಿಥೈಲ್ ಆಲ್ಕೋಹಾಲ್. ಕುಡಿಯುವ ಎಥೈಲ್‌ಗೂ ಅದಕ್ಕೂ ನಾಲಿಗೆಗೆ ವ್ಯತ್ಯಾಸ ಗೊತ್ತಾಗಲ್ಲ, ಜಿಸಿಯ ಗ್ರಾಫಿನಲ್ಲಿ ಎರಡೂ ಬೇರೆ ಬೇರೆ ಪೀಕ್ (ಶಿಖರ) ಆಗಿ ಬರುತ್ತವೆ. ನಿಮ್ಮ ಕೈ ದಿನಾ ಮಾಡುವ ಕೆಲಸವೇ ಇದು.

ತುಮಕೂರು, ವಿದ್ಯಾರ್ಥಿನಿಯ ತಾಯಿ: ಮಗಳು ಇದೇ ಓದಬೇಕು ಅಂತ ಹಟ ಹಿಡಿದಿದ್ದಾಳೆ. ಹೆಣ ಕುಯ್ಯಬೇಕಾ ಮೇಡಂ? ಆ ಕೆಮಿಕಲ್ ವಾಸನೆಗೆ ಆರೋಗ್ಯ ಏನಾಗುತ್ತೆ?

ಶಿವಮೊಗ್ಗ ಸದಸ್ಯ: ಅಕ್ಕಾ ಹೆದರಬೇಡಿ. ನನಗೆ ಬಂದ ಮೆಸೇಜ್ ಹಾಕ್ತೀನಿ: ‘ಲ್ಯಾಬ್, ಪೇಂಟ್, ಸಿಮೆಂಟ್ ಕೆಲಸದವರು ಪ್ರತಿದಿನ ಒಂದು ಉಂಡೆ ಬೆಲ್ಲ, ಚಿಟಿಕೆ ಪಚ್ಚ ಕರ್ಪೂರ ತಿಂದರೆ ಎದೆಯಲ್ಲಿ ಸೇರಿದ ವಿಷ ಹೊರಗೆ ಬರುತ್ತದೆ. ಎಲ್ಲರಿಗೂ ಕಳಿಸಿ.’

ಮೇಡಂ: ಅಮ್ಮಾ, ಶವಪರೀಕ್ಷೆ ಮಾಡೋದು ಆಸ್ಪತ್ರೆಯ ಡಾಕ್ಟರು, ಶವಾಗಾರದಲ್ಲಿ. ನಮ್ಮ ಹತ್ತಿರ ಬರೋದು ಸೀಲು ಮಾಡಿದ ಜಾಡಿ, ಬಟ್ಟೆ, ಬಾಟಲಿ. ವಾಸನೆ ಇರುತ್ತದೆ, ಸುಳ್ಳು ಹೇಳಲ್ಲ. ಅದಕ್ಕೆ ಫ್ಯೂಮ್ ಹುಡ್, ಅಂದರೆ ಆವಿಯನ್ನು ಫ್ಯಾನಿನಿಂದ ಹೊರಗೆ ಎಳೆಯುವ ಗೂಡಿನ ಒಳಗೆ ಕೆಲಸ, ಕೈಗೆ ಗ್ಲೌಸ್. ರಕ್ತ, ದೇಹದ ದ್ರವ ಮುಟ್ಟುವವರಿಗೆ ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಆಗಿರಬೇಕು: ಮೊದಲನೆಯದು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಬಟ್ಟೆ ಮಾಸ್ಕಾಗಲಿ ಎನ್95 ಆಗಲಿ ಸಾಲ್ವೆಂಟ್ ಆವಿ ತಡೆಯಲ್ಲ, ಹುಡ್ ಫ್ಯಾನ್ ತಿರುಗುತ್ತಿದೆಯಾ ಅಂತ ನೋಡಿಕೊಂಡು ಕೆಲಸ ಶುರು ಮಾಡಬೇಕು.

ಶಿವಮೊಗ್ಗದವರೇ, ಬೆಲ್ಲ ತಿಂದರೆ ಶ್ವಾಸಕೋಶ ತೊಳೆಯಲ್ಲ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು, ಮಕ್ಕಳಿಗೆ ಸ್ವಲ್ಪವೇ ಸಾಕು. ಆ ಮೆಸೇಜ್ ಅಳಿಸಿ.

ಶಿವಮೊಗ್ಗ ಸದಸ್ಯ: ನಮ್ಮ ಅಜ್ಜಿ ಕಾಲದಿಂದ ಬೆಲ್ಲ ಕೊಡ್ತಾರೆ ಮೇಡಂ. ಎಲ್ಲವೂ ಸುಳ್ಳಾ?

ಮೇಡಂ: ಬೆಲ್ಲ ತಿನ್ನಿ, ಚೆನ್ನಾಗಿರುತ್ತದೆ. ಫ್ಯೂಮ್ ಹುಡ್‌ಗೆ ಬದಲಿ ಅಲ್ಲ ಅಂದೆ. ಕರ್ಪೂರ ಬೇಡವೇ ಬೇಡ.

ಗದಗ ವಿದ್ಯಾರ್ಥಿ: ನನಗೆ ಕೆಂಪು ಹಸಿರು ಬಣ್ಣ ಸರಿಯಾಗಿ ಗೊತ್ತಾಗಲ್ಲ. ಲ್ಯಾಬಿಗೆ ತಗೊಳ್ತಾರಾ ಮೇಡಂ?

ಮಂಡ್ಯ ಸದಸ್ಯ: ಮೇಡಂ, ಇಷ್ಟೆಲ್ಲಾ ಜಾಡಿ, ಜಿಸಿ ಯಾಕೆ? ಆರೋಪಿಗೆ ಅರೆನಿದ್ದೆ ಬರಿಸುವ ನಾರ್ಕೋ ಇಂಜೆಕ್ಷನ್ ಕೊಟ್ಟರೆ ಹತ್ತು ನಿಮಿಷದಲ್ಲಿ ಸತ್ಯ ಹೊರಗೆ. ಬೆಂಗಳೂರಲ್ಲೇ ಮಾಡ್ತಿದ್ದರಲ್ಲ.

ಮೈಸೂರು, ಕಾನೂನು ವಿದ್ಯಾರ್ಥಿ: ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ, 2010. ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳು ಪತ್ತೆ ಯಂತ್ರ), ಬ್ರೇನ್ ಮ್ಯಾಪಿಂಗ್ (ಮೆದುಳಿನ ಅಲೆ ನೋಡುವ ಪರೀಕ್ಷೆ) ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪಿ ಮಾಡಿಸಿಕೊಂಡರೂ ಆ ಮಾತೇ ಸಾಕ್ಷ್ಯ ಆಗಲ್ಲ.

ಮಂಡ್ಯ ಸದಸ್ಯ: ಕೊಲೆಗಾರನ ಒಪ್ಪಿಗೆ ಕೇಳಬೇಕಾ? ಚೆನ್ನಾಗಿದೆ ಬಿಡಿ ನಿಮ್ಮ ಕಾನೂನು.

ಕಾನೂನು ವಿದ್ಯಾರ್ಥಿ: ಕೊಲೆಗಾರ ಅಂತ ತೀರ್ಮಾನ ಮಾಡಿದ್ದು ಯಾರು, ನೀವಾ? ನಾಳೆ ನಿಮ್ಮ ತಮ್ಮನನ್ನೇ ಹಿಡಿದುಕೊಂಡು ಹೋದರೆ?

ಮಂಡ್ಯ ಸದಸ್ಯ: ಮನೆಯವರ ಸುದ್ದಿಗೆ ಬರಬೇಡ. ನಿನ್ನ ವಯಸ್ಸಿಗಿಂತ ಜಾಸ್ತಿ ಪೊಲೀಸ್ ಸ್ಟೇಷನ್ ನೋಡಿದ್ದೀನಿ.

ಕಾನೂನು ವಿದ್ಯಾರ್ಥಿ: ನೋಡಿದ್ದೀರಿ ಸರಿ, ತೀರ್ಪು ಓದಿಲ್ಲ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮೇಡಂ ಸಮಯ ಹಾಳಾಗ್ತಿದೆ.

ಮೇಡಂ: ಕಾನೂನು ಓದುವ ಹುಡುಗ ಹೇಳಿದ್ದು ಸರಿ. ನಾನು ವಿಜ್ಞಾನದ ಮಾತು ಹೇಳುತ್ತೇನೆ. ಅರೆನಿದ್ದೆಯಲ್ಲಿ ಇರುವ ಮನುಷ್ಯ ನಿಜವನ್ನೂ ಹೇಳುತ್ತಾನೆ, ಕನಸನ್ನೂ ಹೇಳುತ್ತಾನೆ, ಕೇಳುವವರು ಬಯಸಿದ್ದನ್ನೂ ಹೇಳುತ್ತಾನೆ. ಮುಂದೆ.

ರಾಯಚೂರು ಸದಸ್ಯೆ: ಮೇಡಂ, ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ಬಿಎಸ್ಸಿ ಆದಮೇಲೆ ಮೂರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮಾಡಿದೆ. ಈಗ ಸಹಿ, ಕೈಬರಹ ನೋಡುವ ಒಂದು ಖಾಸಗಿ ಲ್ಯಾಬಿನಲ್ಲಿ ಟ್ರೈನಿ. ಮಾಲೀಕರು ವಾಟ್ಸಾಪಿನಲ್ಲಿ ವಿಲ್ ಪತ್ರದ ಫೋಟೊ, ಒಂದು ಚೆಕ್ ಫೋಟೊ ಕಳಿಸಿ, ‘ಎರಡೂ ಒಬ್ಬರದೇ ಸಹಿ ಅಂತ ಬರೆದು, ಎಕ್ಸ್‌ಪರ್ಟ್ ಅಂತ ಸಹಿ ಹಾಕು’ ಅನ್ನುತ್ತಾರೆ. ಹೊಲದ ವಿಷಯಕ್ಕೆ ಅಣ್ಣ ತಮ್ಮಂದಿರ ಜಗಳ ಅಂತೆ. ಎರಡು ರಿಪೋರ್ಟಿಗೆ ಆಗಲೇ ಸಹಿ ಹಾಕಿದ್ದೀನಿ. ಮೂರನೆಯದು ಮೇಜಿನ ಮೇಲಿದೆ. ಅನುಭವಕ್ಕೆ ಅಂತ ಸೇರಿದ್ದು. ಬಿಟ್ಟರೆ ಸರ್ಟಿಫಿಕೇಟ್ ಕೊಡಲ್ಲ ಅಂತಾರೆ.

ಮೇಡಂ: ಕೇಳಿದ್ದು ಒಳ್ಳೇದಾಯ್ತಮ್ಮ. ಮೊದಲ ಮಾತು, ಮೂರನೆಯದಕ್ಕೆ ಸಹಿ ಹಾಕಬೇಡ. ಇವತ್ತೂ ಬೇಡ, ನಾಳೆಯೂ ಬೇಡ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮೂರು ತಿಂಗಳ ಕೋರ್ಸಿನಲ್ಲಿ ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಸಹಿ ನೋಡೋದು ಅಂದರೆ ಅಕ್ಷರದ ಆಕಾರ ನೋಡೋದಲ್ಲ. ಪೆನ್ನು ಎಲ್ಲಿ ಶುರುವಾಯ್ತು, ಎಲ್ಲಿ ಎತ್ತಿ ಮತ್ತೆ ಇಟ್ಟರು, ಎಲ್ಲಿ ಒತ್ತಿದರು, ಕಾಗದದ ಹಿಂಬದಿ ಗೀರು ಮೂಡಿದೆಯಾ, ಕೆಳಗೆ ಪೆನ್ಸಿಲ್ ಗೆರೆ ಎಳೆದು ಮೇಲೆ ತೀಡಿದ್ದಾರಾ, ಒಂದು ಗೆರೆ ಇನ್ನೊಂದರ ಮೇಲೆ ಹೋದ ಕಡೆ ಯಾವುದು ಮೊದಲು, ಇವನ್ನೆಲ್ಲ ಮೂಲ ಕಾಗದವನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು, ಓರೆ ಬೆಳಕು ಬಿಟ್ಟು ನೋಡಬೇಕು. ವಾಟ್ಸಾಪಿನಲ್ಲಿ ಬಂದ ಫೋಟೊ ಕುಗ್ಗಿ ಬಂದಿರುತ್ತದೆ. ಅದರಲ್ಲಿ ಇದು ಯಾವುದೂ ಉಳಿದಿರಲ್ಲ. ಮುದುಕರ ಕೈ ನಡುಕ ಒಂದು ಥರ, ಬೇರೆಯವರ ಸಹಿಯನ್ನು ನಿಧಾನವಾಗಿ ನಕಲು ಮಾಡುವವನ ನಡುಕ ಇನ್ನೊಂದು ಥರ. ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಹೋಲಿಕೆಗೆ ಒಂದು ಚೆಕ್ ಸಾಲಲ್ಲ. ಯಾವ ಮನುಷ್ಯನೂ ಎರಡು ಸಲ ತದ್ರೂಪು ಸಹಿ ಹಾಕಲ್ಲ. ಅವರ ಸಹಿ ಸಹಜವಾಗಿ ಎಷ್ಟು ಬದಲಾಗುತ್ತದೆ ಅಂತ ತಿಳಿಯಲು ಅದೇ ಕಾಲದ, ತಕರಾರಿಲ್ಲದ ಹತ್ತಾರು ಸಹಿ ಬೇಕು. ವಿಲ್ ಬರೆಸುವ ಹೊತ್ತಿಗೆ ಆ ಯಜಮಾನರಿಗೆ ಲಕ್ವ ಹೊಡೆದಿತ್ತೋ ಏನೋ, ಹತ್ತು ವರ್ಷದ ಹಿಂದಿನ ಚೆಕ್ ಇಟ್ಟುಕೊಂಡು ಏನು ಹೇಳುತ್ತೀಯ? ಎರಡು ಸಹಿ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ ಅಂದರೆ ಆಗಲೇ ಅನುಮಾನ ಜಾಸ್ತಿ ಆಗಬೇಕು.

ಇನ್ನು ಕೋರ್ಟು. ರಿಪೋರ್ಟಿನ ಕೆಳಗೆ ಇರೋದು ನಿನ್ನ ಹೆಸರು, ಮಾಲೀಕರದಲ್ಲ. ಸಮನ್ಸ್ ನಿನಗೇ ಬರುತ್ತದೆ. ಪಾಟೀ ಸವಾಲಿನ ಮೊದಲ ಪ್ರಶ್ನೆ ‘ಮೂಲ ದಾಖಲೆ ನೋಡಿದ್ದೀರಾ?’ ಅಂತ. ನೋಡಿಲ್ಲ ಅಂದರೆ ರಿಪೋರ್ಟು ಅಲ್ಲೇ ಬಿತ್ತು. ನೋಡಿದೆ ಅಂದರೆ ಅದು ಸುಳ್ಳು ಸಾಕ್ಷ್ಯ, ಜೈಲಿಗೆ ಹೋಗುವ ಅಪರಾಧ. ನನಗೇ ಒಮ್ಮೆ ಜಾಡಿಯ ಅರಗಿನ ಸೀಲಿನ ಗುರುತಿನ ಮೇಲೆ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಮುದ್ದೆಮಾಲು, ಅಂದರೆ ಕೇಸಿನ ವಸ್ತು, ಬಂದ ದಿನವೇ ಪುಸ್ತಕದಲ್ಲಿ ಸೀಲಿನ ಅಕ್ಷರ ಬರೆದುಕೊಂಡಿದ್ದೆ, ಅದಕ್ಕೆ ಉಳಿದೆ.

ಈಗ ಮಾಡಬೇಕಾದ್ದು. ಮಾಲೀಕರು ಕಳಿಸಿದ ಮೆಸೇಜ್ ಒಂದೂ ಅಳಿಸಬೇಡ, ಫೋನ್ ಬದಲಿಸಬೇಡ. ಆ ಅಣ್ಣ ತಮ್ಮಂದಿರಿಗೆ ನೀನಾಗೇ ಫೋನ್ ಮಾಡಬೇಡ. ಆಫೀಸಿನ ಫೈಲು ಮನೆಗೆ ತರಬೇಡ. ಸೀದಾ ವಕೀಲರನ್ನು ಕಾಣು. ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಆಗಲೇ ಸಹಿ ಹಾಕಿದ ಎರಡರ ವಿಷಯ ಅವರಿಗೆ ಮುಚ್ಚಿಡದೆ ಹೇಳು. ಆ ಸರ್ಟಿಫಿಕೇಟ್ ಬೇಡ ತಾಯಿ. ಆ ಕಾಗದ ನಿನ್ನನ್ನು ಯಾವ ಸರ್ಕಾರಿ ಲ್ಯಾಬಿಗೂ ಸೇರಿಸಲ್ಲ.

ಬೆಳಗಾವಿ ಸದಸ್ಯ: ಖಾಸಗಿ ಲ್ಯಾಬ್ ಅಂದರೆ ಎಲ್ಲಾ ಕಳ್ಳರು ಅಂತಾನಾ? ನಾನೂ ಖಾಸಗಿಯಲ್ಲೇ ಮೊಬೈಲ್ ಡೇಟಾ ಕೆಲಸ ಮಾಡೋದು.

ಮೇಡಂ: ಹಾಗೆ ಹೇಳಿಲ್ಲ. ಎನ್‌ಎಬಿಎಲ್ ಮಾನ್ಯತೆ (ಲ್ಯಾಬ್ ಗುಣಮಟ್ಟ ಪರೀಕ್ಷಿಸಿ ರಾಷ್ಟ್ರೀಯ ಮಂಡಳಿ ಕೊಡುವುದು) ಇಟ್ಟುಕೊಂಡು ಅಚ್ಚುಕಟ್ಟಾಗಿ ಕೆಲಸ ಮಾಡುವ ಖಾಸಗಿ ಲ್ಯಾಬ್ ಇವೆ. ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ.

ಬಾಗಲಕೋಟೆ ಸದಸ್ಯ: ಫಾರ್ವರ್ಡ್: ‘ಎಫ್‌ಎಸ್‌ಎಲ್ ನೇರ ನೇಮಕಾತಿ, ಪರೀಕ್ಷೆ ಇಲ್ಲ, ಪಿಯುಸಿ ಸಾಕು, ನೋಂದಣಿ ಶುಲ್ಕ 4,500 ಈ ನಂಬರಿಗೆ ಕಳಿಸಿ.’ ಇದು ನಿಜಾನಾ ಮೇಡಂ?

ಮೇಡಂ: ಸುಳ್ಳು. ಫಾರ್ವರ್ಡ್ ಬೇಡ ಅಂತ ಮೊದಲೇ ಹೇಳಿದ್ದಾರೆ. ಸರ್ಕಾರದ ಶುಲ್ಕ ಯಾರದೋ ಫೋನ್ ನಂಬರಿಗೆ ಹೋಗಲ್ಲ. ದುಡ್ಡು ಕಳಿಸಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊಪ್ಪಳ ಸದಸ್ಯ: ಸುಮ್ನೆ ಯಾಕೆ ಮೇಡಂ, ದುಡ್ಡು ಕೊಡದೆ ಯಾವ ಕೆಲಸ ಸಿಗುತ್ತೆ ಈ ರಾಜ್ಯದಲ್ಲಿ?

ಔಷಧ ಕಂಪನಿ ಕ್ಯೂಸಿ: ಓದಿ ಪರೀಕ್ಷೆ ಬರೆಯೋರ ಕಾಲು ಎಳೀಬೇಡಿ ಸರ್.

ಕೊಪ್ಪಳ ಸದಸ್ಯ: ಮೂರು ಸಲ ಬರೆದಿದ್ದೀನಿ ನಾನು. ಕಂಪನಿ ಸಂಬಳ ತಗೊಂಡು ನೀತಿ ಹೇಳೋದು ಸುಲಭ.

ಕಲಬುರಗಿ ಸದಸ್ಯೆ: ಕ್ರಿಮಿನಾಲಜಿ ಎಂಎ ಮಾಡಿದ್ದೀನಿ, ಲ್ಯಾಬಿಗೆ ಆಗುತ್ತಾ? ಲ್ಯಾಬ್ ಎಲ್ಲೆಲ್ಲಿ ಇವೆ?

ಮೇಡಂ: ಲ್ಯಾಬಿನ ವಿಜ್ಞಾನ ಹುದ್ದೆಗೆ ವಿಜ್ಞಾನದ ಡಿಗ್ರಿ ಬೇಕು. ಕ್ರಿಮಿನಾಲಜಿ ಅಪರಾಧ ಯಾಕೆ ಆಗುತ್ತದೆ ಅಂತ ಓದುವ ವಿಷಯ, ಇದು ಬೇರೆ. ರಾಜ್ಯದ ಮುಖ್ಯ ಲ್ಯಾಬ್ ಬೆಂಗಳೂರಿನ ಮಡಿವಾಳದಲ್ಲಿ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ನಿಮ್ಮ ಕಲಬುರಗಿಯಲ್ಲೂ ಪ್ರಾದೇಶಿಕ ಲ್ಯಾಬ್ ಇದೆ. ಕೇಂದ್ರ ಸರ್ಕಾರದ್ದು ಹತ್ತಿರ ಅಂದರೆ ಹೈದರಾಬಾದ್.

ದಾವಣಗೆರೆ ವಿದ್ಯಾರ್ಥಿನಿ: ಹೊಸ ಕಾನೂನಿನಿಂದ ಹುದ್ದೆ ಜಾಸ್ತಿ ಆಗುತ್ತಾ?

ಮೇಡಂ: ಆಗಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ, ಅಂದರೆ ಪೊಲೀಸ್ ತನಿಖೆ, ವಿಚಾರಣೆಯ ಹೊಸ ಕಾನೂನಿನ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಆದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಸ್ಥಳಕ್ಕೆ ಹೋಗಿ ಸಾಕ್ಷ್ಯ ಎತ್ತುವ ಕೆಲಸಕ್ಕೆ ನಮ್ಮಲ್ಲಿ ಸೀನ್ ಆಫ್ ಕ್ರೈಮ್ ಆಫೀಸರ್ ಅಂತ ಹುದ್ದೆಯೇ ಇದೆ. ರಾತ್ರಿ ಎರಡಕ್ಕೆ ಹೊಲಕ್ಕೆ ಹೋಗಬೇಕಾಗುತ್ತದೆ. ರಕ್ತದ ಬಟ್ಟೆಯನ್ನು ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಬೂಸ್ಟು ಹಿಡಿದು ಡಿಎನ್‌ಎ ಹಾಳು, ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಇದನ್ನು ಈಗಲೇ ಕಲಿ.

ವಿಜಯಪುರ ಸದಸ್ಯ: ಮೇಡಂ ವಯೋಮಿತಿ?

ಮೇಡಂ: ಮೇಲೆ ಹೇಳಿದ್ದೇನೆ.

ಗದಗ ವಿದ್ಯಾರ್ಥಿ: ನನ್ನ ಪ್ರಶ್ನೆ ನೋಡಿದ್ರಾ ಮೇಡಂ? ಬಣ್ಣದ್ದು.

ಕೊಪ್ಪಳ ಸದಸ್ಯ: ಇಲ್ಲಿ ಉತ್ತರ ಸಿಗೋದು ಬೇಕಾದವರಿಗೆ ಮಾತ್ರ ತಮ್ಮಾ.

ಅಡ್ಮಿನ್: ಕೊಪ್ಪಳದವರೇ, ಇನ್ನೊಂದು ಇಂಥ ಮಾತು ಬಂದರೆ ಗ್ರೂಪಿನಿಂದ ತೆಗೆಯುತ್ತೇನೆ.

ರಾಯಚೂರು ಸದಸ್ಯೆ: ಮೇಡಂ, ನಾಳೆ ಬೆಳಿಗ್ಗೆ ಅಪ್ಪನ ಜೊತೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗ್ತೀನಿ. ಮಾಲೀಕರು ಈಗ ಆ ಫೋಟೊಗಳನ್ನು ಅವರ ಕಡೆಯಿಂದ ಡಿಲೀಟ್ ಮಾಡ್ತಿದ್ದಾರೆ.

ಮೇಡಂ: ಇನ್ನೂ ಇರೋದನ್ನು ಈಗಲೇ ಸ್ಕ್ರೀನ್‌ಶಾಟ್ ತೆಗೆ, ತಾರೀಖು, ಸಮಯ, ಕಳಿಸಿದವರ ನಂಬರ್ ಕಾಣಬೇಕು. ಅಳಿಸಿಹೋದವು ಯಾವುವು ಅಂತ ನೆನಪಿರುವಷ್ಟು ಪುಸ್ತಕದಲ್ಲಿ ಬರೆದು ಕೆಳಗೆ ತಾರೀಖು ಹಾಕು. ಫೋನನ್ನು ಹಾಗೇ ತಗೊಂಡು ಹೋಗು. ಅಪ್ಪ ಜೊತೆಗೆ ಬರ್ತಿದ್ದಾರಲ್ಲ, ಒಳ್ಳೇದಾಯ್ತು.